ತಲೆ ಕಳೆದುಕೊಂಡ ಕುಪ್ಯ: ಫೋಟೋವನ್ನು ಎರಡು ಬಣ್ಣದ ನೆರಳುಚಿತ್ರ ಮಾಡುವಾಗ ಎಡವುವ ಜಾಗಗಳು

ಕೊಡವರ ಉದ್ದನೆಯ ಕಪ್ಪು ಕೋಟು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಕಟ್ಟಿ, ಅದಕ್ಕೆ ಪೀಚೆಕತ್ತಿ ಎಂಬ ಚಿಕ್ಕ ಬಾಕು ಸಿಕ್ಕಿಸಿಕೊಂಡು ನಿಂತ ಒಬ್ಬರ ಫೋಟೋ. ಹಿಂದೆ ಮಂಜು ಮುಸುಕಿದ ಆಕಾಶ. ಇದನ್ನು ಕಪ್ಪು ಬಿಳುಪಿನ ನೆರಳುಚಿತ್ರ ಮಾಡೋಣ ಅಂತ ಫೋಟೋ ತಿದ್ದುವ ತಂತ್ರಾಂಶದಲ್ಲಿ ಥ್ರೆಶೋಲ್ಡ್ ಒತ್ತಿದರೆ ಏನಾಗುತ್ತದೆ? ಮೈ ಕಪ್ಪಾಗಿ ಬರುತ್ತದೆ. ತಲೆಯ ಮೇಲಿನ ಬಿಳಿ ಪೇಟ, ಅಂದರೆ ಮಂಡೆ ತುಣಿ, ಆಕಾಶದಲ್ಲಿ ಕರಗಿಹೋಗುತ್ತದೆ. ಚೇಲೆ ಇದ್ದಲ್ಲಿ ಬಿಳಿ ಪಟ್ಟಿ ಬಂದು ಮನುಷ್ಯ ಎರಡು ತುಂಡಾಗುತ್ತಾನೆ. ಪೀಚೆಕತ್ತಿಯ ಬೆಳ್ಳಿ ಹೊಳಪು ಹೊಟ್ಟೆಯ ಮೇಲೆ ತೂತು ಕೊರೆಯುತ್ತದೆ. ಸ್ಲೈಡರನ್ನು ಎಷ್ಟೇ ಆಚೆ ಈಚೆ ಎಳೆದರೂ ಒಂದು ಸರಿಹೋದರೆ ಇನ್ನೊಂದು ಕೆಡುತ್ತದೆ.

ಕೊಡಗಿನಲ್ಲಿ ಈ ಕೆಲಸಕ್ಕೆ ಬೇಡಿಕೆ ಇದ್ದೇ ಇರುತ್ತದೆ. ಹೋಮ್‌ಸ್ಟೇ ಬೋರ್ಡು, ಸಂಘದ ಆಮಂತ್ರಣ, ಜೀಪಿನ ಗಾಜಿಗೆ ಸ್ಟಿಕ್ಕರ್. ಬೇಸಿಗೆ ಬಂತೆಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಒಂದೊಂದು ಒಕ್ಕವೂ (ಮನೆತನ) ತಂಡ ಕಟ್ಟುತ್ತದೆ, ತಂಡ ಅಂದ ಮೇಲೆ ಟೀ ಶರ್ಟ್, ಟೀ ಶರ್ಟ್ ಅಂದ ಮೇಲೆ ಬೆನ್ನ ಮೇಲೊಂದು ಚಿತ್ರ. ಎಲ್ಲ ಕಡೆ ಬೇಕಾಗುವುದು ಒಂದೇ: ಒಂದು ಗಟ್ಟಿ ಆಕಾರ, ಒಂದು ಹಿನ್ನೆಲೆ, ನಡುವೆ ಬೂದು ಬಣ್ಣ ಇರಕೂಡದು.

ಇಲ್ಲಿ ಫೋಟೋ ತಿದ್ದುವ ತಂತ್ರಾಂಶ ಜಿಂಪ್ ಇಟ್ಟುಕೊಂಡು ಹೇಳುತ್ತೇನೆ. ಅದು ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಫೋಟೋಶಾಪ್ ಇರುವವರಿಗೂ, ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಫೋಟೋಪೀ ಬಳಸುವವರಿಗೂ ವಿಚಾರ ಅದೇ, ಮೆನುವಿನ ಹೆಸರು ಸ್ವಲ್ಪ ಬೇರೆ ಅಷ್ಟೆ.

ಸ್ಲೈಡರ್ ಮುಟ್ಟುವ ಮೊದಲು ಹಿಸ್ಟೋಗ್ರಾಮ್ ನೋಡಿ

ಥ್ರೆಶೋಲ್ಡ್ ಮಾಡುವುದು ತೀರಾ ಸರಳ ಕೆಲಸ. ಪ್ರತಿಯೊಂದು ಪಿಕ್ಸೆಲ್‌ಗೂ ಒಂದೇ ಪ್ರಶ್ನೆ ಕೇಳುತ್ತದೆ: ನೀನು ಈ ಮಟ್ಟಕ್ಕಿಂತ ಬೆಳಕಾಗಿದ್ದೀಯಾ? ಹೌದಾದರೆ ಬಿಳಿ, ಇಲ್ಲವಾದರೆ ಕಪ್ಪು. ಅದು ಮನುಷ್ಯನೋ ಮರವೋ ಮೋಡವೋ ಎಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಆಕಾರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಯಾವ ಸಂಖ್ಯೆ ಕೊಟ್ಟರೂ ಪ್ರಯೋಜನವಿಲ್ಲ.

ಅದನ್ನು ತಿಳಿಯುವುದು ಹೇಗೆ? ಜಿಂಪ್‌ನಲ್ಲಿ ಕಲರ್ಸ್ ಮೆನುವಿನ ಥ್ರೆಶೋಲ್ಡ್ ತೆರೆದರೆ ಆ ಕಿಟಕಿಯಲ್ಲೇ ಹಿಸ್ಟೋಗ್ರಾಮ್, ಅಂದರೆ ಯಾವ ಬೆಳಕಿನ ಮಟ್ಟದಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂದು ತೋರಿಸುವ ನಕ್ಷೆ, ಕಾಣುತ್ತದೆ. ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು. ಅಲ್ಲಿ ಎರಡು ಗುಡ್ಡ, ನಡುವೆ ಒಂದು ಕಣಿವೆ ಕಂಡರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಸ್ಲೈಡರನ್ನು ಕಣಿವೆಗೆ ತಂದು ನಿಲ್ಲಿಸಿ, ಕೆಲಸ ಮುಗಿಯಿತು. ಒಂದೇ ಅಗಲವಾದ ಗುಡ್ಡ ಕಂಡರೆ ಸ್ಲೈಡರ್ ಬಿಟ್ಟುಬಿಡಿ, ತಾಪತ್ರಯ ಬೇರೆ ಕಡೆ ಇದೆ. ಆಟೋ ಗುಂಡಿ ಒತ್ತಿದರೂ ಅಷ್ಟೆ. ಈ ಬಗೆಯ ತಾನಾಗಿ ಮಟ್ಟ ಹುಡುಕುವ ವಿಧಾನಗಳಲ್ಲಿ ಜಾಸ್ತಿ ಹೆಸರಾದದ್ದು ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ ವಿಧಾನ. ಅದು ಪಿಕ್ಸೆಲ್‌ಗಳನ್ನು ಎರಡು ಗುಂಪು ಮಾಡಿ, ಗುಂಪುಗಳ ನಡುವಿನ ಅಂತರ ಅತಿ ಹೆಚ್ಚಾಗುವ ಮಟ್ಟವನ್ನು ಹುಡುಕುತ್ತದೆ. ಎರಡು ಗುಂಪೇ ಇಲ್ಲದ ಫೋಟೋದಲ್ಲೂ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಆ ಉತ್ತರ ನಂಬಬೇಡಿ.

ಇಲ್ಲೊಂದು ಜನಪ್ರಿಯ ಸಲಹೆಯ ಬಗ್ಗೆ ಹೇಳಲೇಬೇಕು. "ಮೊದಲು ಕಾಂಟ್ರಾಸ್ಟ್ ಜಾಸ್ತಿ ಮಾಡಿ, ಆಮೇಲೆ ಥ್ರೆಶೋಲ್ಡ್ ಹಾಕಿ" ಅಂತ ಎಲ್ಲರೂ ಹೇಳುತ್ತಾರೆ. ಇದರಿಂದ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ. ಕಾಂಟ್ರಾಸ್ಟ್ ಹೆಚ್ಚಿಸಿದಾಗ ಪಿಕ್ಸೆಲ್‌ಗಳ ಬೆಳಕಿನ ಮಟ್ಟ ದೂರ ದೂರ ಸರಿಯುತ್ತದೆ, ಆದರೆ ಕಪ್ಪಿನಿಂದ ಬಿಳಿಗೆ ಅವು ನಿಂತ ಸಾಲು ಬದಲಾಗುವುದಿಲ್ಲ. ಮೊದಲು ಮಂಡೆ ತುಣಿಗಿಂತ ಕಪ್ಪಾಗಿದ್ದ ಮೋಡ ಆಮೇಲೂ ಕಪ್ಪಾಗಿಯೇ ಇರುತ್ತದೆ. ಅಂದರೆ ಕಾಂಟ್ರಾಸ್ಟ್ ಹಾಕಿ ಥ್ರೆಶೋಲ್ಡ್ ಮಾಡುವುದೂ, ಸುಮ್ನೆ ಸ್ಲೈಡರನ್ನು ಸ್ವಲ್ಪ ಸರಿಸುವುದೂ ಒಂದೇ. ಕಣ್ಣಿಗೆ ಫೋಟೋ ಗಡುಸಾಗಿ ಕಂಡು ಏನೋ ಸುಧಾರಿಸಿತು ಅನ್ನಿಸುತ್ತದೆ. ಸಾಲನ್ನೇ ಬದಲಿಸುವ ದಾರಿ ಬೇರೆ ಇದೆ.

ಚೇಲೆ ಬೆಳ್ಳಗಾಗುವುದು ಯಾಕೆ

ಆ ದಾರಿ ಚಾನೆಲ್. ಫೋಟೋದ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆ ಇರುತ್ತವೆ, ಒಂದೊಂದೂ 0ಯಿಂದ 255ರವರೆಗೆ. ಅವನ್ನು ಸೇರಿಸಿ ಒಂದು ಬೆಳಕಿನ ಸಂಖ್ಯೆ ಮಾಡುವ ರೀತಿ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಥರ.

ಚೇಲೆಯ ರೇಷ್ಮೆಯ ಮೇಲೆ ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಕೆಂಪು 200, ಹಸಿರು 20, ನೀಲಿ 30 ಅಂತಿಟ್ಟುಕೊಳ್ಳೋಣ. ಜಿಂಪ್‌ನ ಥ್ರೆಶೋಲ್ಡ್ ಕಿಟಕಿಯಲ್ಲಿ ಚಾನೆಲ್ ಎಂಬಲ್ಲಿ ವ್ಯಾಲ್ಯೂ ಎಂದಿದ್ದರೆ ಅದು ಮೂರರಲ್ಲಿ ದೊಡ್ಡ ಸಂಖ್ಯೆಯನ್ನೇ ಹಿಡಿಯುತ್ತದೆ. ಅಂದರೆ 200. ಇದು ಬೆಳಕಿನ ಗುಂಪಿಗೆ ಹೋಗಿ ಬಿಳಿಯಾಗುತ್ತದೆ. ಕಣ್ಣಿನ ಗ್ರಹಿಕೆಗೆ ತಕ್ಕಂತೆ ತೂಕ ಹಾಕುವ ಲೆಕ್ಕದಲ್ಲಿ ಕೆಂಪಿಗೆ ಸುಮಾರು 30, ಹಸಿರಿಗೆ 59, ನೀಲಿಗೆ 11 ಶೇಕಡಾ ಪಾಲು. ಆ ಲೆಕ್ಕದಲ್ಲಿ ಇದೇ ಪಿಕ್ಸೆಲ್ ಸುಮಾರು 75ಕ್ಕೆ ಇಳಿಯುತ್ತದೆ, ಕಪ್ಪಾಗುತ್ತದೆ. ಫೋಟೋಶಾಪ್‌ನಲ್ಲಿ ಥ್ರೆಶೋಲ್ಡ್ ಹಾಕಿದರೆ ಚೇಲೆ ಕಪ್ಪಾಗಿ ಬಂದು, ಅದೇ ಫೋಟೋ ಜಿಂಪ್‌ನಲ್ಲಿ ಬೆಳ್ಳಗಾಗಿದ್ದರೆ ಕಾರಣ ಇದೇ. ಫೋಟೋ ಕೆಟ್ಟಿಲ್ಲ, ತಂತ್ರಾಂಶವೂ ಕೆಟ್ಟಿಲ್ಲ.

ಪರಿಹಾರ ಒಂದು ಕ್ಲಿಕ್ಕಿನದು. ಅದೇ ಕಿಟಕಿಯಲ್ಲಿ ವ್ಯಾಲ್ಯೂ ಬದಲು ಗ್ರೀನ್ ಅಥವಾ ಬ್ಲೂ ಆರಿಸಿ. ಹಸಿರು ಚಾನೆಲ್‌ನಲ್ಲಿ ಚೇಲೆ 20, ಕುಪ್ಯವೂ ಅಲ್ಲೇ ಆಸುಪಾಸು. ಎರಡೂ ಸೇರಿ ಒಂದೇ ಕಪ್ಪು ಮೈ ಆಗುತ್ತದೆ. ಚರ್ಮದ ಬಣ್ಣಕ್ಕೂ ಇದೇ ಮಾತು. ಮುಖ ಕೆಂಪು ಚಾನೆಲ್‌ನಲ್ಲಿ ಬೆಳಕಾಗಿಯೂ ನೀಲಿಯಲ್ಲಿ ಕತ್ತಲೆಯಾಗಿಯೂ ಇರುತ್ತದೆ, ಹಾಗಾಗಿ ಮುಖ ಕಪ್ಪಾಗಬೇಕಿದ್ದರೆ ನೀಲಿ ಒಳ್ಳೆಯದು.

ಯಾವ ಚಾನೆಲ್ ಯಾವುದಕ್ಕೆ ಅಂತ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗೆ ಎಕ್ಸ್‌ಟ್ರಾಕ್ಟ್ ಕಾಂಪೊನೆಂಟ್ ಇದೆ. ಅದರಲ್ಲಿ ಮೂರನ್ನೂ ಒಂದೊಂದಾಗಿ ನೋಡಿ, ಆಕಾರ ಎಲ್ಲಿ ಎದ್ದು ಕಾಣುತ್ತದೋ ಅದನ್ನು ಹಿಡಿಯಿರಿ. ಆದರೂ ಎರಡು ಸಂಗತಿ ನೆನಪಿದ್ದರೆ ಸಮಯ ಉಳಿಯುತ್ತದೆ. ಆಕಾಶದ ಎದುರು ಮರ ಇದ್ದರೆ ನೀಲಿ ಚಾನೆಲ್. ಎಲೆ ನೀಲಿ ಬೆಳಕನ್ನು ಹೆಚ್ಚು ಹೊರಹಾಕುವುದಿಲ್ಲ, ಆಕಾಶದಲ್ಲಿ ಅದು ತುಂಬಾ ಇರುತ್ತದೆ. ಸಿಲ್ವರ್ ಓಕ್ ಸಾಲಿನ ಒಂದೊಂದು ರೆಂಬೆಯೂ ಬಿಡಿಸಿದ ಹಾಗೆ ಬರುತ್ತದೆ. ಎಲೆಗಳ ಎದುರು ಕಪ್ಪು ಬಟ್ಟೆ ಇದ್ದರೆ ಹಸಿರು ಚಾನೆಲ್. ಅಲ್ಲಿ ಎಲೆ ಸ್ವಲ್ಪವಾದರೂ ಬೆಳಗುತ್ತದೆ, ಬಟ್ಟೆ ಬೆಳಗುವುದಿಲ್ಲ.

ನೀಲಿ ಚಾನೆಲ್‌ಗೆ ಒಂದು ಕೆಟ್ಟ ಗುಣ ಉಂಟು. ಫೋನಿನ ಜೆಪೆಗ್ ಫೋಟೋಗಳಲ್ಲಿ ಬೆಳಕಿನ ವಿವರ ಪೂರ್ತಿ ಉಳಿಸಿ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸಿರುತ್ತಾರೆ. ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ ಇರುವುದರಿಂದ ಆ ಹೊಡೆತ ಜಾಸ್ತಿ ತಾಗುವುದು ನೀಲಿಗೇ. ಅಂಚುಗಳು ಚೌಕ ಚೌಕವಾಗಿ ಕಂಡರೆ ಹಸಿರಿಗೆ ಬನ್ನಿ. ಇಲ್ಲವೇ ಡೀಸ್ಯಾಚುರೇಟ್ ಮೆನುವಿನ ಮೋನೋ ಮಿಕ್ಸರ್‌ನಲ್ಲಿ ನೀಲಿ ಮತ್ತು ಹಸಿರನ್ನು ಅರ್ಧರ್ಧ ಬೆರೆಸಿ, ಕೆಂಪನ್ನು ಸೊನ್ನೆ ಮಾಡಿ.

ಮಂಡೆ ತುಣಿ ಮಾಯ

ಇದಕ್ಕೆ ಯಾವ ಚಾನೆಲ್ಲೂ ಒದಗುವುದಿಲ್ಲ. ಬಿಳಿ ಬಟ್ಟೆ, ಬಿಳಿ ಮಂಜು. ಮೂರೂ ಸಂಖ್ಯೆಗಳು ಹೆಚ್ಚು ಕಡಿಮೆ ಒಂದೇ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರ್ ಆರಂಭದಲ್ಲಿ, ಆಗ ಮಳೆ ಮಂಜು ಇನ್ನೂ ಬಿಟ್ಟಿರುವುದಿಲ್ಲ. ಹಾಗಾಗಿ ಆ ದಿನದ ಫೋಟೋಗಳಲ್ಲಿ ಈ ತೊಂದರೆ ಎದುರಾದರೆ ಆಶ್ಚರ್ಯವಿಲ್ಲ. ಮದುವೆ ಗಂಡಿನ ಬಿಳಿ ಕುಪ್ಯವಾದರೆ ಕೇಳುವುದೇ ಬೇಡ, ತಲೆಯ ಜೊತೆ ಮೈಯೂ ಹೋಗುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ಖಂಡಿತ: ಮನುಷ್ಯರ ಫೋಟೋಗೆ ಥ್ರೆಶೋಲ್ಡ್ ಸರಿಯಾದ ಸಾಧನವೇ ಅಲ್ಲ. ಆಕಾಶದ ಎದುರು ನಿಂತ ಮರ, ಬೆಟ್ಟ, ಗೋಪುರಕ್ಕೆ ಅದು ಸರಿ. ಬಟ್ಟೆ ತೊಟ್ಟ ಮನುಷ್ಯನಲ್ಲಿ ಕಪ್ಪೂ ಇರುತ್ತದೆ, ಬಿಳಿಯೂ ಇರುತ್ತದೆ, ಕೆಂಪೂ ಇರುತ್ತದೆ. ಅವನನ್ನು ಬೆಳಕಿನ ಲೆಕ್ಕದಲ್ಲಿ ಹಿಡಿಯಲು ಹೋಗುವ ಬದಲು ಅಂಚಿನ ಮೇಲೆ ಕತ್ತರಿಸಿ ತೆಗೆದು, ಒಳಗೆ ಕಪ್ಪು ತುಂಬುವುದೇ ಲೇಸು. ನೆರಳುಚಿತ್ರಕ್ಕೆ ಒಳಗಿನ ಬಣ್ಣ ಬೇಕಾಗಿಲ್ಲ ಅಲ್ವಾ? ಹೊರಗಿನ ಗೆರೆ ಸರಿಯಾಗಿ ಸಿಕ್ಕರೆ ಸಾಕು.

ಕತ್ತರಿಸಲು ಜಿಂಪ್‌ನ ಪಾತ್ಸ್ ಉಪಕರಣ ಹಿಡಿಯಿರಿ, ಕೀಲಿಮಣೆಯಲ್ಲಿ ಬಿ ಅಕ್ಷರ. ಅಂಚಿನ ಸುತ್ತ ಬಿಂದು ಇಡುತ್ತಾ ಹೋಗಿ, ತಿರುವು ಇರುವಲ್ಲಿ ಎಳೆದು ಬಾಗಿಸಿ. ಸುತ್ತು ಮುಗಿದ ಮೇಲೆ ಸೆಲೆಕ್ಷನ್ ಫ್ರಂ ಪಾತ್ ಒತ್ತಿ, ಹೊಸ ಪದರದಲ್ಲಿ (ಲೇಯರ್) ಕಪ್ಪು ತುಂಬಿ. ನಿಧಾನದ ಕೆಲಸ ನಿಜ, ಆದರೆ ಒಮ್ಮೆ ಮಾಡಿದರೆ ಮತ್ತೆ ತಲೆಬಿಸಿ ಇಲ್ಲ. ಮಂಜಿನಲ್ಲಿ ಮಂಡೆ ತುಣಿಯ ಗೆರೆ ಸಾಫ್ಟ್‌ವೇರ್‌ಗೆ ಕಾಣದಿದ್ದರೂ ನಿಮ್ಮ ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ ಕರ್ವ್ಸ್‌ನಲ್ಲಿ ಬೆಳಕಿನ ಭಾಗವನ್ನು ಮಾತ್ರ ಕಡಿದಾಗಿ ಎಳೆದು ನೋಡಿ. ಕಾಂಟ್ರಾಸ್ಟ್ ಪ್ರಯೋಜನಕ್ಕೆ ಬರುವುದು ಇಲ್ಲಿ, ಯಾಕೆಂದರೆ ಈಗ ತೀರ್ಮಾನ ಮಾಡುವವರು ನೀವು.

ಫೋನಿನಲ್ಲೇ ಹಿನ್ನೆಲೆ ತೆಗೆಯುವ ಸೌಲಭ್ಯ ಈಗ ಬೇಕಾದಷ್ಟು ಇವೆ. ಬಳಸಿ, ತಪ್ಪೇನಿಲ್ಲ. ಆದರೆ ಅವು ಮನುಷ್ಯನನ್ನು ಹುಡುಕಲು ಕಲಿತಿರುತ್ತವೆ, ಮನುಷ್ಯ ಹಿಡಿದದ್ದನ್ನಲ್ಲ. ಹಾಕಿ ಸ್ಟಿಕ್ಕಿನ ಕೆಳಗಿನ ಬಾಗು, ಬೆನ್ನ ಹಿಂದೆ ತೊಡಂಗ್ ಎಂಬ ಹಿಡಿಕೆಯಲ್ಲಿ ಸಿಕ್ಕಿಸಿದ ಅಗಲ ಅಲಗಿನ ಒಡಿಕತ್ತಿಯ ತುದಿ, ಇಂಥವು ಸುಲಭವಾಗಿ ಕತ್ತರಿಸಿ ಹೋಗುತ್ತವೆ. ಮೂಲ ಫೋಟೋದ ಪಕ್ಕ ಇಟ್ಟು ತಾಳೆ ನೋಡಿ, ಹೋದದ್ದನ್ನು ಕುಂಚದಲ್ಲಿ ಸೇರಿಸಿ. ಇನ್ನೊಂದು ತೊಡಕು, ಹಾಗೆ ಬಂದ ಚಿತ್ರದ ಅಂಚು ಅರೆಪಾರದರ್ಶಕವಾಗಿರುತ್ತದೆ. ಬಿಳಿ ಹಿನ್ನೆಲೆಯಲ್ಲಿ ಚೆನ್ನಾಗಿ ಕಂಡದ್ದು ಬೇರೆ ಬಣ್ಣದ ಮೇಲೆ ಇಟ್ಟಾಗ ಸುತ್ತ ತಿಳಿ ಅಂಚು ಬಿಡುತ್ತದೆ. ಜಿಂಪ್‌ನ ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿ ಒಳಗೆ ಥ್ರೆಶೋಲ್ಡ್ ಆಲ್ಫಾ ಇದೆ (ಆಲ್ಫಾ ಅಂದರೆ ಪಾರದರ್ಶಕತೆಯ ಮಟ್ಟ), ಅದು ಅರೆಬರೆಯನ್ನು ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಆಮೇಲೆ ಖಾಲಿ ಜಾಗಕ್ಕೆ ಬಣ್ಣ ಹರಡದಂತೆ ಪದರದ ಆಲ್ಫಾ ಲಾಕ್ ಮಾಡಿ ಕಪ್ಪು ತುಂಬಿ.

ಕತ್ತರಿಸಿದ್ದೂ ಸರಿಯಿದೆ, ಆದರೂ ನೋಡಿದವರಿಗೆ ಏನೆಂದು ತಿಳಿಯುತ್ತಿಲ್ಲ ಅಂದರೆ ಫೋಟೋದ ಭಂಗಿಯೇ ತಪ್ಪು. ಎದುರಿಗೆ ನಿಂತವರ ಪೀಚೆಕತ್ತಿ ಹೊಟ್ಟೆಯ ಮೇಲೆ ಇರುತ್ತದೆ, ಅಂದರೆ ಆಕಾರದ ಒಳಗೆ. ಕಪ್ಪು ತುಂಬಿದ ಕ್ಷಣ ಅದು ಇಲ್ಲ. ಪಕ್ಕಕ್ಕೆ ತಿರುಗಿ ನಿಂತರೆ ಹಿಂದೆ ಒಡಿಕತ್ತಿ ಚಾಚಿಕೊಂಡು ಕಾಣುತ್ತದೆ, ಕುಪ್ಯದ ಕೆಳಗಂಚೂ ಕಾಣುತ್ತದೆ. ಕೊಡವ ಸೀರೆಗೂ ಅಷ್ಟೆ. ನೆರಿಗೆ ಹಿಂದೆ ಇರುವುದರಿಂದ ಪಕ್ಕದಿಂದ ತೆಗೆದರೆ ಮಾತ್ರ ಆ ಉಡುಗೆಯ ಗುರುತು ಸಿಗುತ್ತದೆ, ಎದುರಿನಿಂದ ತೆಗೆದರೆ ಯಾವ ಊರಿನ ಸೀರೆಯೂ ಆಗಬಹುದು. ದುಬಾರೆಯ ಆನೆಯನ್ನು ಎದುರಿನಿಂದ ತೆಗೆದರೆ ಬಂಡೆ, ಪಕ್ಕದಿಂದ ತೆಗೆದರೆ ಆನೆ. ಇದನ್ನು ಯಾವ ತಂತ್ರಾಂಶವೂ ಸರಿಮಾಡಲಾರದು.

ಕಾಫಿ ಗಿಡದ ಮುಂದೆ ನಿಂತವರು

ಕಪ್ಪು ಕುಪ್ಯ, ಹಿಂದೆ ಕಾಫಿ ಗಿಡ, ಮೇಲೆ ಮರದ ನೆರಳು. ಥ್ರೆಶೋಲ್ಡ್ ಹಾಕಿದರೆ ಇಡೀ ಚಿತ್ರ ಒಂದೇ ಕಪ್ಪು ಮುದ್ದೆ. ಹಸಿರು ಚಾನೆಲ್ ಸ್ವಲ್ಪ ಬಿಡಿಸುತ್ತದೆ ಎಂದೆನಲ್ಲ, ಆದರೆ ಎಲೆಗಳ ಸಂದಿನ ಕತ್ತಲೆ ಕುಪ್ಯದಷ್ಟೇ ಕಪ್ಪು. ಅಲ್ಲಿ ಅಂಚು ಒಡೆದು ಒಳನುಗ್ಗುತ್ತದೆ. ನೇರ ಪಾತ್ಸ್‌ಗೆ ಹೋಗಿ. ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಗದ್ದೆಯಲ್ಲಿ ತೆಗೆದ ಫೋಟೋಗಳೂ ಇದೇ ಜಾತಿ.

ಮೇಲೆ ಸರಿ, ಕೆಳಗೆ ಕಪ್ಪು

ಮಂಜಿನ ಫೋಟೋಗಳ ಇನ್ನೊಂದು ಕಾಟ ಇದು. ಆಕಾಶದ ಕಡೆ ಬೆಳಕು ಜಾಸ್ತಿ, ನೆಲದ ಕಡೆ ಕಡಿಮೆ. ಮರದ ತುದಿ ಸರಿಯಾಗುವ ಮಟ್ಟದಲ್ಲಿ ಕೆಳಗಿನ ಹಿನ್ನೆಲೆಯೆಲ್ಲ ಕಪ್ಪಾಗುತ್ತದೆ. ಕೆಳಗೆ ಸರಿಮಾಡಿದರೆ ಮೇಲಿನ ರೆಂಬೆಗಳು ಕಾಣೆ. ಒಂದೇ ಮಟ್ಟ ಇಡೀ ಚಿತ್ರಕ್ಕೆ ಹೊಂದುವುದಿಲ್ಲ ಅಂತ ಅರ್ಥ.

ಇದಕ್ಕೊಂದು ಒಳ್ಳೆಯ ಉಪಾಯ ಇದೆ. ಪದರವನ್ನು ನಕಲು ಮಾಡಿ. ಮೇಲಿನ ನಕಲಿಗೆ ಗೌಸಿಯನ್ ಬ್ಲರ್ (ಮಸುಕು) ಹಾಕಿ, ಸಣ್ಣದಲ್ಲ, ಮರವೇ ಗುರುತು ಸಿಗದಷ್ಟು ದೊಡ್ಡದು. 4000 ಪಿಕ್ಸೆಲ್ ಅಗಲದ ಫೋಟೋಗೆ 300ರಿಂದ ಶುರುಮಾಡಿ ನೋಡಿ. ಆ ಪದರದ ಮೋಡ್ ಅನ್ನು, ಅಂದರೆ ಕೆಳಗಿನ ಪದರದೊಂದಿಗೆ ಬೆರೆಯುವ ರೀತಿಯನ್ನು, ಡಿವೈಡ್ ಮಾಡಿ. ಈಗ ಪ್ರತಿ ಪಿಕ್ಸೆಲ್ಲೂ ತನ್ನ ಸುತ್ತಲಿನ ಸರಾಸರಿ ಬೆಳಕಿನಿಂದ ಭಾಗವಾಗಿ, ಮೇಲೆ ಕೆಳಗೆ ಎಂಬ ಭೇದ ಹೋಗುತ್ತದೆ. ಲೇಯರ್ ಮೆನುವಿನಿಂದ ನ್ಯೂ ಫ್ರಂ ವಿಸಿಬಲ್ ಮಾಡಿ, ಆ ಹೊಸ ಪದರಕ್ಕೆ ಥ್ರೆಶೋಲ್ಡ್ ಹಾಕಿ. ರೆಂಬೆ, ಬೇಲಿ, ಕರೆಂಟ್ ತಂತಿಯಂಥ ತೆಳುವಾದ ವಸ್ತುಗಳಿಗೆ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ.

ದಪ್ಪ ಆಕಾರಗಳಿಗೆ ಮಾತ್ರ ಎಚ್ಚರ. ಬ್ಲರ್‌ನ ಅಳತೆ ಆಕಾರಕ್ಕಿಂತ ಚಿಕ್ಕದಾದರೆ ಆಕಾರದ ನಡುಭಾಗ ತನ್ನದೇ ಕಪ್ಪಿನಿಂದ ಭಾಗವಾಗಿ ಬೆಳ್ಳಗಾಗುತ್ತದೆ. ಅಂಚು ಮಾತ್ರ ಉಳಿದು ಒಳಗೆ ಟೊಳ್ಳು. ಮಡಿಕೇರಿ ಕೋಟೆಯ ಆನೆ ಪ್ರತಿಮೆಯ ಫೋಟೋಗೆ ಇದನ್ನು ಹಾಕಿ ಹೊಟ್ಟೆ ಖಾಲಿ ಬಂದರೆ ಬ್ಲರ್ ಹೆಚ್ಚಿಸಿ, ಇಲ್ಲವೇ ಒಳಗನ್ನು ಕೈಯಲ್ಲಿ ತುಂಬಿ.

ಬೆಟ್ಟದ ಸಾಲು

ಮಾಂದಲ್‌ಪಟ್ಟಿಯಿಂದ ತೆಗೆದ ಫೋಟೋ ನೆನಪಿಸಿಕೊಳ್ಳಿ. ಒಂದರ ಹಿಂದೊಂದು ಬೆಟ್ಟ, ದೂರ ಹೋದಷ್ಟೂ ತಿಳಿ. ನಡುವಿನ ಗಾಳಿಯಲ್ಲಿ ಚದುರಿದ ಬೆಳಕು ಬೆರೆಯುವುದರಿಂದ ಹಾಗಾಗುತ್ತದೆ. ಈ ಚಿತ್ರದ ಅಂದ ಇರುವುದೇ ಆ ಹಲವು ಬೂದುಗಳಲ್ಲಿ. ಎರಡು ಬಣ್ಣಕ್ಕೆ ಇಳಿಸಿದಾಗ ಅದರಲ್ಲಿ ಒಂದೇ ಗೆರೆ ಉಳಿಯುತ್ತದೆ. ಇಲ್ಲಿ ದೋಷ ಏನೂ ಇಲ್ಲ, ಆಯ್ಕೆ ಮಾತ್ರ ಇದೆ. ಸ್ಲೈಡರನ್ನು ಎಡದಿಂದ ಬಲಕ್ಕೆ ನಿಧಾನ ಸರಿಸಿ. ಮೊದಲು ಹತ್ತಿರದ ಗುಡ್ಡ ಕಪ್ಪಾಗುತ್ತದೆ, ಆಮೇಲೆ ಅದರ ಹಿಂದಿನದು, ಹಾಗೇ ಒಂದೊಂದಾಗಿ ಸೇರುತ್ತಾ ಕೊನೆಗೆ ಆಕಾಶವೂ ಮುಳುಗುತ್ತದೆ. ಯಾವ ಶಿಖರದ ಗೆರೆ ನಿಮಗೆ ಬೇಕೋ ಅಲ್ಲಿ ನಿಲ್ಲಿಸಿ. ತಡಿಯಂಡಮೋಳ್ ಬೇಕಿದ್ದರೆ, ಅಂದರೆ ಜಿಲ್ಲೆಯ ಅತಿ ಎತ್ತರದ 1748 ಮೀಟರ್ ಶಿಖರ, ಅದರ ಮುಂದಿನ ಎಲ್ಲ ಗುಡ್ಡಗಳೂ ಅದರೊಳಗೆ ಸೇರಿ ಒಂದೇ ಕಪ್ಪಾಗುವುದನ್ನು ಒಪ್ಪಿಕೊಳ್ಳಬೇಕು. ಎರಡು ಮೂರು ಸಾಲು ಬೇಕೇ ಬೇಕು ಅಂದರೆ ಅದು ಎರಡು ಬಣ್ಣದ ಕೆಲಸವಲ್ಲ, ಬಣ್ಣ ಹೆಚ್ಚಿಸಿ.

ಮಡಿಕೇರಿಯ ರಾಜಾಸೀಟ್‌ನ ಸಂಜೆ ಫೋಟೋಗಳು ಇದಕ್ಕಿಂತ ಸುಲಭ, ಬೆಳಕು ಹಿಂದಿನಿಂದ ಬರುತ್ತದೆ. ಆದರೂ ಹಿಸ್ಟೋಗ್ರಾಮ್‌ನಲ್ಲಿ ಗುಡ್ಡಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಫೋನಿನ ಎಚ್‌ಡಿಆರ್ ಮೇಲೆ ಅನುಮಾನ ಪಡಿ. ಅದು ಕತ್ತಲೆಯನ್ನು ಎತ್ತಿ, ಬೆಳಕನ್ನು ಇಳಿಸಿ ಎರಡನ್ನೂ ಹತ್ತಿರ ತರುತ್ತದೆ. ಮಾಮೂಲಿ ಫೋಟೋಗೆ ಅದು ವರ, ನೆರಳುಚಿತ್ರಕ್ಕೆ ಶಾಪ. ಅದನ್ನು ಆಫ್ ಮಾಡಿ, ಪರದೆಯ ಮೇಲೆ ಆಕಾಶವನ್ನು ಮುಟ್ಟಿ ಬೆಳಕು ಅಳೆಸಿ, ಮತ್ತೆ ತೆಗೆಯಿರಿ. 1820ರಲ್ಲಿ ಕಟ್ಟಿದ ಓಂಕಾರೇಶ್ವರ ದೇವಸ್ಥಾನದ ಗುಮ್ಮಟವನ್ನು ಮೋಡದ ನಡುಹಗಲಲ್ಲಿ ತೆಗೆದು ಒದ್ದಾಡುವುದಕ್ಕಿಂತ, ಆಕಾಶ ಅದರ ಹಿಂದೆ ಬೆಳಗುವ ಹೊತ್ತು ಕಾಯುವುದು ಮೇಲು. ಕಲ್ಯಾಣಿಯಲ್ಲಿ ಬಿದ್ದ ಪ್ರತಿಬಿಂಬವೂ ಕಪ್ಪಾಗಿ ಬರುತ್ತದೆ, ಬೇಡವಾದರೆ ಮೊದಲೇ ಕತ್ತರಿಸಿಬಿಡಿ.

ಅಂಚು ಮೆಟ್ಟಿಲಾಗುವುದು, ಚುಕ್ಕಿ ಉದುರುವುದು

ಅಂಚು ಮೆಟ್ಟಿಲು ಮೆಟ್ಟಿಲಾಗಿದ್ದರೆ ಮೊದಲು ಫೋಟೋದ ಅಳತೆ ನೋಡಿ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಎ4 ಹಾಳೆ ತುಂಬಲು 2480 ಗುಣಿಸು 3508 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದದ್ದು ಕುಗ್ಗಿಯೇ ಬಂದಿರುತ್ತದೆ. ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಮೂಲ ಫೈಲೇ ಬರುತ್ತದೆ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಬೇರೆ ಫೋಟೋ ಸಿಗುವಂತಿಲ್ಲ ಅಂದರೆ ಥ್ರೆಶೋಲ್ಡ್‌ಗೆ ಮೊದಲೇ ಚಿತ್ರವನ್ನು ಮೂರು ನಾಲ್ಕು ಪಟ್ಟು ಹಿಗ್ಗಿಸಿ. ಸ್ವಲ್ಪ ಗೌಸಿಯನ್ ಬ್ಲರ್ ಕೊಡಿ. ಆಮೇಲೆ ಥ್ರೆಶೋಲ್ಡ್. ಮಸುಕಾದ ಅಂಚನ್ನು ನಡುವೆ ಕತ್ತರಿಸುವುದರಿಂದ ಗೆರೆ ನಯವಾಗಿ ಬರುತ್ತದೆ. ಈ ಕ್ರಮ ತಿರುಗಮುರುಗ ಆಗಬಾರದು. ಥ್ರೆಶೋಲ್ಡ್ ಮುಗಿದ ಮೇಲೆ ಹಿಗ್ಗಿಸಿದರೆ ಮೆಟ್ಟಿಲುಗಳೇ ದೊಡ್ಡದಾಗುತ್ತವೆ.

ಆಕಾಶದಲ್ಲಿ ಕಪ್ಪು ಚುಕ್ಕಿ, ಮೈಮೇಲೆ ಬಿಳಿ ಚುಕ್ಕಿ ಕಂಡರೆ ಥ್ರೆಶೋಲ್ಡ್‌ಗೆ ಮೊದಲು ಮೀಡಿಯನ್ ಬ್ಲರ್ ಹಾಕಿ. ಅದು ಚುಕ್ಕಿ ನುಂಗುತ್ತದೆ, ಅಂಚನ್ನು ಅಷ್ಟಾಗಿ ಕೆಡಿಸುವುದಿಲ್ಲ. ಜಾಸ್ತಿ ಹಾಕಿದರೆ ಬೆರಳು, ಎಲೆಯ ತುದಿ, ಸ್ಟಿಕ್ಕಿನ ತೆಳುಭಾಗ ನುಂಗಿಹೋಗುತ್ತದೆ. ಉಳಿದ ನಾಲ್ಕಾರು ಚುಕ್ಕಿ ಕೈಯಲ್ಲಿ ಒರೆಸಿ.

ಕೆಂಪು ತುಂಬಿದರೆ ಬೂದು ಬರುತ್ತದೆ

ಇಮೇಜ್ ಮೆನುವಿನ ಮೋಡ್ ನೋಡಿ. ಗ್ರೇಸ್ಕೇಲ್ ಅಥವಾ ಇಂಡೆಕ್ಸ್ಡ್ ಎಂದಿರುತ್ತದೆ. ಆರ್‌ಜಿಬಿ ಮಾಡಿ. ಅಷ್ಟೇ.

ಬಕೆಟ್‌ನಿಂದ ತುಂಬಿದ ಮೇಲೆ ಸುತ್ತ ತೆಳು ಬೂದು ಗೆರೆ ಉಳಿದರೆ, ಅಂಚಿನ ನಡುಬಣ್ಣದ ಪಿಕ್ಸೆಲ್‌ಗಳನ್ನು ಬಕೆಟ್ ಬಿಟ್ಟಿದೆ ಅಂತ ಅರ್ಥ. ಬಕೆಟ್ ಬಿಡಿ. ಕಲರ್ಸ್ ಮೆನುವಿನ ಕಲರ್ ಟು ಆಲ್ಫಾದಲ್ಲಿ ಬಿಳಿಯನ್ನು ಪಾರದರ್ಶಕ ಮಾಡಿ, ಆಲ್ಫಾ ಲಾಕ್ ಹಾಕಿ, ಬೇಕಾದ ಬಣ್ಣ ತುಂಬಿ. ಕೆಳಗೆ ಇನ್ನೊಂದು ಪದರದಲ್ಲಿ ಹಿನ್ನೆಲೆಯ ಬಣ್ಣ. ಗ್ರೇಡಿಯಂಟ್ ಮ್ಯಾಪ್ ಬಳಸಿದರೂ ಆಗುತ್ತದೆ, ಕಪ್ಪು ಜಾಗಕ್ಕೆ ಮುನ್ನೆಲೆ ಬಣ್ಣ, ಬಿಳಿಗೆ ಹಿನ್ನೆಲೆ ಬಣ್ಣ ಬರುತ್ತದೆ. ಕಾಮನಬಿಲ್ಲು ಬಂದರೆ ಗ್ರೇಡಿಯಂಟ್ ಪಟ್ಟಿಯಲ್ಲಿ ಬೇರೇನೋ ಆಯ್ಕೆಯಾಗಿದೆ.

ಎರಡು ಬಣ್ಣ ಅಂದುಕೊಂಡದ್ದರಲ್ಲಿ ನೂರಾರು ಬಣ್ಣ

ಅಚ್ಚು ಹಾಕುವ ಅಂಗಡಿಯವರು "ಇದರಲ್ಲಿ ಬೇರೆ ಬಣ್ಣ ಇದೆ, ಆಗಲ್ಲ" ಅಂತ ವಾಪಸ್ ಕಳಿಸಿದರೆ ಅವರು ಹೇಳಿದ್ದು ಬಹುಶಃ ಸರಿ. ಜೆಪೆಗ್ ಆಗಿ ಉಳಿಸಿದ್ದೀರಿ. ಜೆಪೆಗ್ 8 ಗುಣಿಸು 8 ಪಿಕ್ಸೆಲ್‌ನ ಚೌಕಗಳಲ್ಲಿ ಚಿತ್ರವನ್ನು ಅದುಮುತ್ತದೆ, ಗಡುಸಾದ ಅಂಚಿನ ಸುತ್ತ ಸಣ್ಣ ಬೂದು ಅಲೆಗಳನ್ನು ಬಿಡುತ್ತದೆ. ಮಾಮೂಲಿ ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ, ಇಲ್ಲಿ ಎದ್ದು ಕಾಣುತ್ತದೆ. ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಜಿಂಪ್ 2.10ನಲ್ಲಿ ಕಲರ್ಸ್ ಮೆನುವಿನ ಇನ್ಫೋ ಒಳಗಿನ ಕಲರ್‌ಕ್ಯೂಬ್ ಅನಾಲಿಸಿಸ್ ಚಿತ್ರದಲ್ಲಿ ಒಟ್ಟು ಎಷ್ಟು ಬಣ್ಣ ಇವೆ ಎಂದು ಲೆಕ್ಕ ಹೇಳುತ್ತದೆ. 2 ಎಂದು ಬರಬೇಕು.

ಖಡಾಖಂಡಿತ ಬೇಕಿದ್ದರೆ ಇಮೇಜ್ ಮೆನುವಿನ ಮೋಡ್ ಅನ್ನು ಇಂಡೆಕ್ಸ್ಡ್ ಮಾಡಿ ಕಪ್ಪು ಬಿಳಿ 1 ಬಿಟ್ ಪ್ಯಾಲೆಟ್ ಆರಿಸಿ. ಡಿದರಿಂಗ್ (ಚುಕ್ಕಿ ಬೆರೆಸಿ ನಡುಬಣ್ಣ ತೋರಿಸುವುದು) ಇರಬಾರದು, ಇದ್ದರೆ ಅಂಚಿನಲ್ಲಿ ಮರಳು ಚೆಲ್ಲಿದಂತೆ ಚುಕ್ಕಿ ಬರುತ್ತದೆ.

ಅಂಗಡಿಗೆ ಕೊಡುವಾಗ

ಸ್ಕ್ರೀನ್ ಪ್ರಿಂಟ್ ಮಾಡಿಸುವವರು ಒಂದು ಗೊಂದಲಕ್ಕೆ ಬೀಳುತ್ತಾರೆ. ಟೀ ಶರ್ಟ್ ಕಪ್ಪು, ಚಿತ್ರ ಬಿಳಿ ಬೇಕು. ಹಾಗಾಗಿ ಚಿತ್ರವನ್ನು ತಿರುಗಿಸಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಆಟಗಾರನನ್ನು ಮಾಡಿ ಕೊಡುತ್ತಾರೆ. ಅಚ್ಚಾಗಿ ಬಂದಾಗ ಬೆನ್ನ ಮೇಲೆ ಒಂದು ದೊಡ್ಡ ಬಿಳಿ ಡಬ್ಬಿ, ಅದರೊಳಗೆ ಬಟ್ಟೆಯ ಕಪ್ಪಿನಲ್ಲಿ ಆಟಗಾರ. ಫಿಲ್ಮ್‌ನಲ್ಲಿ ಕಪ್ಪಾಗಿರುವ ಜಾಗದಲ್ಲಿ ಬೆಳಕು ತಡೆದು, ಅಲ್ಲಿನ ಲೇಪ ತೊಳೆದುಹೋಗಿ, ಶಾಯಿ ಇಳಿಯುತ್ತದೆ. ಆದ್ದರಿಂದ ಶಾಯಿ ಯಾವ ಬಣ್ಣದ್ದೇ ಇರಲಿ, ಅಚ್ಚಾಗಬೇಕಾದ ಭಾಗ ಫೈಲಿನಲ್ಲಿ ಕಪ್ಪಾಗಿಯೇ ಇರಬೇಕು. ಬಣ್ಣ ಯಾವುದು ಅಂತ ಬಾಯಲ್ಲಿ ಹೇಳಿ.

ಜೀಪಿನ ಗಾಜಿಗೆ ವಿನೈಲ್ ಸ್ಟಿಕ್ಕರ್ ಕತ್ತರಿಸುವವರಿಗೆ ಪಿಎನ್‌ಜಿ ಸಾಲದು, ಗೆರೆಯ ಫೈಲ್ ಬೇಕು. ಗೆರೆಚಿತ್ರದ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಆಯ್ಕೆ ಮಾಡಿ ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್ ತೆರೆಯಿರಿ, ಬ್ರೈಟ್‌ನೆಸ್ ಕಟ್‌ಆಫ್ ಆರಿಸಿ, ಅಪ್ಲೈ ಒತ್ತಿ. ಏನೂ ಆಗಲೇ ಇಲ್ಲ ಅನ್ನಿಸುತ್ತದೆ. ಆಗಿರುತ್ತದೆ. ಹೊಸ ಗೆರೆಚಿತ್ರ ಹಳೆಯದರ ನೆತ್ತಿಯ ಮೇಲೇ ಕೂತಿರುತ್ತದೆ. ಎಳೆದು ಪಕ್ಕಕ್ಕಿಡಿ, ಕೆಳಗಿನದನ್ನು ಅಳಿಸಿ, ಎಸ್‌ವಿಜಿ ಆಗಿ ಉಳಿಸಿ. ಕೋರೆಲ್‌ಡ್ರಾ ಇಟ್ಟುಕೊಂಡ ಅಂಗಡಿಗಳು ಎಸ್‌ವಿಜಿ ತೆರೆಯುತ್ತವೆ. ಬಿಂದುಗಳು ಜಾಸ್ತಿಯಾಗಿ ಯಂತ್ರ ನಡುಗುತ್ತಾ ಕತ್ತರಿಸಿದರೆ ಸಣ್ಣ ಚುಕ್ಕಿಗಳನ್ನು ಬಿಟ್ಟುಬಿಡುವ ಸ್ಪೆಕಲ್ಸ್ ಹೆಚ್ಚಿಸಿ ಮತ್ತೆ ಟ್ರೇಸ್ ಮಾಡಿ. ಬಿಂದು ಕಡಿಮೆ ಮಾಡುವ ಸಿಂಪ್ಲಿಫೈ ಒಮ್ಮೆ ಒತ್ತಬಹುದು, ಪದೇಪದೇ ಒತ್ತಿದರೆ ಒಡಿಕತ್ತಿಯ ಮೊನೆ ಮೊಂಡಾಗುತ್ತದೆ.

ವಿನೈಲ್‌ನಲ್ಲಿ ಹಾಕಿ ಸ್ಟಿಕ್ಕಿನಂಥ ತೆಳುಭಾಗ ಸಿಪ್ಪೆ ಸುಲಿಯುವಾಗಲೇ ಹರಿದು ಬರುತ್ತದೆ. ಮೈಯಿಂದ ಬೇರೆಯಾಗಿ ನಿಂತ ಚೆಂಡು ಅಂಟುವಾಗ ಜಾಗ ಬಿಡುತ್ತದೆ. ಸ್ಟಿಕ್ಕನ್ನು ನಿಜಕ್ಕಿಂತ ಸ್ವಲ್ಪ ದಪ್ಪ ಮಾಡಿ, ಚೆಂಡನ್ನು ಸ್ಟಿಕ್ಕಿನ ಬಾಗಿಗೆ ತಾಗಿಸಿ ಇಡಿ. ಅಂಗೈ ಅಗಲದ ಸ್ಟಿಕ್ಕರ್‌ಗಾದರೆ ಚೆಂಡನ್ನು ಬಿಟ್ಟೇಬಿಡಿ.